ಕುಸುಬಿ ಎಣ್ಣೆಯ ಘಾಟು

ನೆದರ್ಲೆಂಡ್ಸ್‌ನಲ್ಲಿ ಮಧ್ಯಾಹ್ನ ಬಿಸಿ ಊಟ ಮಾಡುವ ರೂಢಿ ಕಡಿಮೆ. ಹನ್ನೆರಡೂವರೆ ಹೊತ್ತಿಗೆ ನನ್ನ ತರಗತಿಯವರೆಲ್ಲ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆಯುತ್ತಿದ್ದರು. ಎರಡು ಹೋಳು ಬ್ರೆಡ್ಡು, ನಡುವೆ ಒಂದು ತೆಳುವಾದ ಚೀಸು, ಅಷ್ಟೆ. ಹತ್ತು ನಿಮಿಷದಲ್ಲಿ ತಿಂದು, ಮೇಜಿನ ಮೇಲೆ ಬಿದ್ದ ಪುಡಿ ಒರೆಸಿ, ಮತ್ತೆ ಕೆಲಸಕ್ಕೆ. ಕೆಲವರು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟಿನ ಸಣ್ಣ ಸಣ್ಣ ಚೂರು ಉದುರಿಸಿಕೊಂಡು ತಿನ್ನುತ್ತಿದ್ದರು. ಅದಕ್ಕೆ ಹಾಗೆಲ್‌ಸ್ಲಾಗ್ ಎಂದು ಹೆಸರು. ಆಲಿಕಲ್ಲಿನ ಹೊಡೆತ ಎಂದು ಅರ್ಥ. ಮಕ್ಕಳ ತಿಂಡಿ ಅಂದುಕೊಂಡಿದ್ದೆ. ಪಾಠ ಮಾಡುವವರೂ ಅದನ್ನೇ ತಿನ್ನುತ್ತಿದ್ದರು.

2018ರ ಆಗಸ್ಟಿನಲ್ಲಿ ನಾನು ಡೆಲ್ಫ್ಟ್ ಎಂಬ ಊರಿಗೆ ಹೋದದ್ದು ನೀರಿನ ವಿಷಯ ಓದುವುದಕ್ಕೆ. ಸಾಗರ ತಾಲ್ಲೂಕಿನವನು ನೀರಿನ ಬಗ್ಗೆ ತಿಳಿದುಕೊಳ್ಳಲು ಅಷ್ಟು ದೂರ ಹೋಗಬೇಕೇ ಎಂದು ಅಪ್ಪ ನಕ್ಕಿದ್ದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಹಲಸಿನ ಹಪ್ಪಳ, ಸಾರಿನ ಪುಡಿ, ಇಂಗು, ಅಪ್ಪೆಮಿಡಿ ಇದ್ದವು. ಅವೆಲ್ಲ ಮುಗಿಯುವಷ್ಟರಲ್ಲಿ ನಾಲಿಗೆ ಪಳಗಿರುತ್ತದೆ ಎಂಬ ಲೆಕ್ಕ ನಮ್ಮ ಮನೆಯವರದ್ದು.

ನಾಲಿಗೆ ಪಳಗಿತು ಕೂಡ. ಹಟ ಹಿಡಿದದ್ದು ಕಣ್ಣು. ನಮ್ಮ ಕಡೆ ರಸ್ತೆ ಎಂದರೆ ಪ್ರತಿ ಫರ್ಲಾಂಗಿಗೂ ಒಂದು ತಿರುವು, ಪ್ರತಿ ತಿರುವಿನ ಹಿಂದೆ ಏನೋ ಒಂದು ಅಡಗಿರುತ್ತದೆ. ಎದುರಿಗೆ ಗುಡ್ಡ, ಹಿಂದೆ ಗುಡ್ಡ, ನಡುವೆ ನಾವು. ಅಲ್ಲಿ ಸೈಕಲ್ ಹತ್ತಿ ಊರ ಹೊರಗೆ ಬಂದರೆ ಕಾಲುವೆ ಗೆರೆ ಎಳೆದ ಹಾಗೆ ಹೋಗುತ್ತದೆ, ಅದರ ಪಕ್ಕ ದಾರಿಯೂ ಗೆರೆ ಎಳೆದ ಹಾಗೆ ಹೋಗುತ್ತದೆ, ಮುಂದಿನ ಊರಿನ ಇಗರ್ಜಿಯ ಗೋಪುರ ಅರ್ಧ ಗಂಟೆ ಮೊದಲೇ ಕಾಣಿಸಿಕೊಂಡು ಎಷ್ಟು ತುಳಿದರೂ ಹತ್ತಿರ ಬರುವುದಿಲ್ಲ. ಆ ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅದರ ಯೂರೋಪಿನ ನೆಲದಲ್ಲಿ ಅತ್ಯಂತ ಎತ್ತರದ ಜಾಗವೆಂದರೆ ದಕ್ಷಿಣದ ಮೂಲೆಯಲ್ಲಿರುವ 322 ಮೀಟರಿನ ಒಂದು ದಿಬ್ಬ. ನಮ್ಮ ಕೊಡಚಾದ್ರಿ 1,343 ಮೀಟರ್. ಈ ಹೋಲಿಕೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ, ಗುಡ್ಡವನ್ನು ನಾನೇ ಪೇರಿಸಿಟ್ಟು ಬಂದವನ ಹಾಗೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ, ಆ ಬಯಲಿನ ಮೇಲೆ ಬೂದಿ ಬಣ್ಣದ ಆಕಾಶ ಮುಚ್ಚಳದಂತೆ ಕೂತಾಗ ಬೆನ್ನಿಗೆ ಏನೂ ಆಸರೆಯಿಲ್ಲದ ಹಾಗೆ ಅನಿಸುತ್ತಿತ್ತು. ಇಲ್ಲಿ ನೋಡುವುದಕ್ಕೆ ಏನೂ ಇಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಊಟದ ವಿಷಯಕ್ಕೆ ಬಂದರೆ, ಮೊದಲು ನನ್ನನ್ನು ಉಳಿಸಿದ್ದು ಅಂಗಡಿಯ ತಂಪು ಪೆಟ್ಟಿಗೆಯಲ್ಲಿ ಸಿಕ್ಕ ಕಾರ್ನೆಮೆಲ್ಕ್. ರಟ್ಟಿನ ಪೊಟ್ಟಣದಲ್ಲಿ ಬರುವ ಹುಳಿ ಮಜ್ಜಿಗೆ. ಅಲ್ಲಿನವರು ಬ್ರೆಡ್ಡಿನ ಜೊತೆ ಹಾಗೇ ಕುಡಿಯುತ್ತಾರೆ. ನಾನು ಅದಕ್ಕೆ ಉಪ್ಪು, ಜಜ್ಜಿದ ಶುಂಠಿ, ಇಂಗಿನ ಒಗ್ಗರಣೆ ಸೇರಿಸಿ ಅನ್ನಕ್ಕೆ ಕಲೆಸಿಕೊಂಡ ದಿನ ಜಗತ್ತು ಸ್ವಲ್ಪ ಚಿಕ್ಕದಾಯಿತು. ಲೈಡನ್ ಎಂಬ ಊರಿನ ಹೆಸರಿನ ಚೀಸಿನಲ್ಲಿ ಜೀರಿಗೆ ಇರುತ್ತದೆ. ಮೊದಲ ಸಲ ಹಲ್ಲಿಗೆ ಸಿಕ್ಕಾಗ ಗುರುತಿನವರು ಸಿಕ್ಕಂತಾಯಿತು. ಆಲೂಗಡ್ಡೆಯನ್ನು ಸೊಪ್ಪಿನ ಜೊತೆ ನುರಿದು ಮಾಡುವ ಸ್ಟಾಂಪೊಟ್ ಅಭ್ಯಾಸವಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ನಾನೂ ಡಬ್ಬಿಯಲ್ಲಿ ಎರಡು ಹೋಳು ಬ್ರೆಡ್ಡು ಇಟ್ಟುಕೊಂಡು ಹೋಗುತ್ತಿದ್ದೆ. ಒಗ್ಗಿಕೊಂಡೆನಲ್ಲ ಎಂಬ ಒಂದು ಹೆಮ್ಮೆಯೂ ಜೊತೆಗೆ ಬಂತು. ಈ ಹೆಮ್ಮೆಯ ಬಗ್ಗೆಯೇ ನಾನು ಹೇಳಬೇಕಿರುವುದು.

ನಾವು ಆರು ಜನ ಒಂದೇ ಅಡುಗೆಮನೆ ಬಳಸುತ್ತಿದ್ದೆವು. ಚಳಿಗಾಲದಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ಎಲ್ಲರ ಕೋಟುಗಳು ಅಡುಗೆಮನೆಯ ಬಾಗಿಲಿನ ಪಕ್ಕದ ಗೂಟಕ್ಕೇ ನೇತುಬಿದ್ದಿರುತ್ತಿದ್ದವು. ಒಂದು ಸಂಜೆ ಪಕ್ಕದ ಕೋಣೆಯ ಹುಡುಗಿ ಬಂದು, ತುಂಬ ಸೌಜನ್ಯದಿಂದಲೇ, ನಿನ್ನ ಅಡುಗೆ ರುಚಿಯಾಗಿಯೇ ಇರಬಹುದು, ಆದರೆ ಆ ವಾಸನೆ ನನ್ನ ಕೋಟಿಗೆ ಹತ್ತಿಕೊಳ್ಳುತ್ತದೆ, ಬೇರೆ ಏನಾದರೂ ದಾರಿ ಇದೆಯೇ ಎಂದು ಕೇಳಿದಳು. ಇಂಗಿನ ವಾಸನೆ. ನಾನು ಕ್ಷಮೆ ಕೇಳಿದೆ. ಕೋಣೆಗೆ ಹೋಗಿ ನನ್ನ ಕೋಟನ್ನು ಮೂಸಿ ನೋಡಿದೆ. ನನಗೆ ಏನೂ ವಾಸನೆ ಬರಲಿಲ್ಲ, ಮತ್ತು ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ನನ್ನ ಮೈಮೇಲೆ ಎಲ್ಲರಿಗೂ ಗೊತ್ತಾಗುವ, ನನಗೊಬ್ಬನಿಗೇ ಗೊತ್ತಾಗದ ಒಂದು ಗುರುತು ಇದೆ ಎಂದು ತಿಳಿಯುವುದು ವಿಚಿತ್ರವಾದ ನಾಚಿಕೆ. ಆಮೇಲೆ ತಿಂಗಳುಗಟ್ಟಲೆ ಒಗ್ಗರಣೆ ಹಾಕಲಿಲ್ಲ. ಅದನ್ನೂ ಒಗ್ಗಿಕೊಳ್ಳುವುದರ ಲೆಕ್ಕಕ್ಕೇ ಸೇರಿಸಿದೆ.

ಎರಡನೆಯ ವರ್ಷ ಆ ಮನೆಗೆ ಘಾನಾದ ಒಬ್ಬ ಹುಡುಗ ಬಂದ. ಅವನ ಅಡುಗೆ ಟೊಮೆಟೊ, ಮೆಣಸಿನಕಾಯಿ, ಹೊಗೆಯಲ್ಲಿ ಒಣಗಿಸಿದ ಮೀನು ಸೇರಿದ ಸಾರು. ಜೊತೆಗೆ ನಮ್ಮ ಮುದ್ದೆಯ ಹಾಗೆ ಒಂದು ಹಿಟ್ಟಿನ ಉಂಡೆ. ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಸಸ್ಯಾಹಾರಿ ಮನೆಯಲ್ಲಿ ಬೆಳೆದವನಿಗೆ ಆ ಒಣಮೀನಿನ ವಾಸನೆ ತಡೆಯಲಾಗುತ್ತಿರಲಿಲ್ಲ. ಮೂರು ವಾರ ಸುಮ್ಮನಿದ್ದೆ. ನಾಲ್ಕನೆಯ ವಾರ ಹೋಗಿ ಹೇಳಿದೆ. ಏನು ಹೇಳಿದೆ ಎಂದರೆ, ಆ ಹುಡುಗಿ ನನಗೆ ಹೇಳಿದ ಮಾತನ್ನೇ. ಕೋಟಿನ ಸಮೇತ. ಬಾಯಿಂದ ಹೊರಟ ಮೇಲೆ ಅದು ನನಗೆ ಹೊಳೆಯಿತು ಎಂದರೆ ಸುಳ್ಳಾದೀತು, ಹೇಳುವಾಗಲೇ ಗೊತ್ತಿತ್ತು. ನಾನು ತಡೆದುಕೊಂಡಿಲ್ಲವೇ, ಇವನೂ ತಡೆದುಕೊಳ್ಳಲಿ ಎಂಬುದು ಒಳಗಿನ ಮಾತಾಗಿತ್ತು. ನನಗೆ ಆದ ಅವಮಾನ ಅಷ್ಟು ದಿನ ನನ್ನೊಳಗೆ ಕೊಳೆಯುತ್ತಾ ಬಿದ್ದಿರಲಿಲ್ಲ, ಒಂದು ಅಧಿಕಾರವಾಗಿ ಮಾರ್ಪಟ್ಟಿತ್ತು.

ಅವನೂ ಕ್ಷಮೆ ಕೇಳಿದ. ಆಮೇಲೆ ಆ ಮೀನು ಅಡುಗೆಮನೆಗೆ ಬರಲಿಲ್ಲ. ಅವನು ಬ್ರೆಡ್ಡು ಹಿಡಿದು ಕೋಣೆಗೆ ಹೋಗುವುದನ್ನು ನೋಡಿ ನೋಡಿ, ಎರಡು ತಿಂಗಳ ನಂತರ, ನೀನು ನಿನ್ನ ಅಡುಗೆ ಮಾಡಿಕೋ, ನಾನು ಹಾಗೆ ಹೇಳಬಾರದಿತ್ತು ಎಂದೆ. ಅವನು ನಕ್ಕು, ಪರವಾಗಿಲ್ಲ, ಈಗ ಅಭ್ಯಾಸವಾಗಿದೆ ಎಂದ. ನನಗೆ ಅದಕ್ಕೆ ಉತ್ತರವಿರಲಿಲ್ಲ.

ಇದಕ್ಕಿಂತ ಮೊದಲು, ಮೊದಲ ವರ್ಷದ ವಸಂತದಲ್ಲಿ ನಡೆದ ಇನ್ನೊಂದು ಸಂಗತಿ ಇದೆ. ನಾವು ಕೆಲವರು ಸ್ಕಾಕ್‌ಲಾಂಡ್ ನೋಡಲು ಹೋಗಿದ್ದೆವು. ಅದು ಒಂದು ಕಾಲಕ್ಕೆ ಜೌಡರ್‌ಜೇ ಎಂಬ ಸಮುದ್ರದ ತೋಳಿನ ನಡುವೆ ಇದ್ದ ಉದ್ದನೆಯ ತೆಳು ದ್ವೀಪ. ಅಲೆ ಕೊರೆದು ಕೊರೆದು ಸವೆದುಹೋಗುತ್ತಿದ್ದ ಆ ದ್ವೀಪವನ್ನು 1859ರಲ್ಲಿ ರಾಜಾಜ್ಞೆಯಿಂದ ತೆರವು ಮಾಡಿಸಿದರು. ಅಲ್ಲಿದ್ದ ಸುಮಾರು 650 ಜನ ಸುತ್ತಲಿನ ದಡದ ಊರುಗಳಿಗೆ ಹೋಗಿ ಸೇರಿದರು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಆ ಸಮುದ್ರದ ಬಾಯಿಯನ್ನೇ ಮುಚ್ಚಿದರು. 1942ರಲ್ಲಿ ದ್ವೀಪದ ಸುತ್ತಲಿನ ನೀರನ್ನು ಪಂಪು ಮಾಡಿ ತೆಗೆದದ್ದಾಯಿತು. ಈಗ ಸ್ಕಾಕ್‌ಲಾಂಡ್ ಹೊಲಗಳ ನಡುವೆ ನಿಂತಿದೆ. ಆಲೂಗಡ್ಡೆ, ಈರುಳ್ಳಿ ಹೊಲಗಳಿಗಿಂತ ಸ್ವಲ್ಪವೇ ಎತ್ತರದಲ್ಲಿ ಒಂದು ಪುಟ್ಟ ಇಗರ್ಜಿ, ಅಲೆ ತಡೆಯಲು ಹೂಳಿದ ಮರದ ಗೂಟಗಳು, ದೋಣಿ ಕಟ್ಟದ ಬಂದರು. ಯುನೆಸ್ಕೊ 1995ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನನಗೆ ನೆನಪಾದದ್ದು ಅಜ್ಜಿ. ಅಪ್ಪನ ತಾಯಿ. ಅವಳದ್ದು ಮುಳುಗಡೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ಗದ್ದೆ, ತೋಟ, ದೇವಸ್ಥಾನ, ಹೊಸದಾಗಿ ಸೋಗೆ ಹೊದೆಸಿದ್ದ ಮನೆ ಎಲ್ಲ ಹೋಯಿತು. ಸಾಮಾನನ್ನೂ ಜನರನ್ನೂ ಒಂದೇ ಲಾರಿಯಲ್ಲಿ ತಂದು ಆನಂದಪುರದ ಆಚೆ, ಕಾಡು ಕಡಿದ ಜಾಗದಲ್ಲಿ ಇಳಿಸಿದರಂತೆ. ಅಲ್ಲಿನ ಬಾವಿ ನೀರಿಗೆ ತುಕ್ಕಿನ ರುಚಿ, ಬೇಳೆ ಬೇಯುತ್ತಿರಲಿಲ್ಲ ಎನ್ನುತ್ತಿದ್ದಳು. ಸ್ಕಾಕ್‌ಲಾಂಡಿನಲ್ಲಿ ಜನ ಹೋದ ಮೇಲೆ ನೀರೂ ಹೋಯಿತು, ನೆಲ ಉಳಿಯಿತು. ನಮ್ಮಲ್ಲಿ ಜನ ಹೋದ ಮೇಲೆ ನೀರು ಬಂತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಬರುತ್ತದೆ, ಜನ ಫೋಟೊ ತೆಗೆಯಲು ಹೋಗುತ್ತಾರೆ. ಹೊಸ ಅಣೆಕಟ್ಟು ಮುಳುಗಿಸಿದ್ದರಲ್ಲಿ ಹಳೆಯ ಅಣೆಕಟ್ಟೂ ಒಂದು.

ಇದನ್ನೆಲ್ಲ ತೋರಿಸೋಣವೆಂದು ಅಮ್ಮನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಸುತ್ತ ತಿರುಗಿಸಿದೆ. ಇಗರ್ಜಿ, ಗೂಟ, ಬಂದರು ಯಾವುದನ್ನೂ ಅವಳು ನೋಡಲಿಲ್ಲ. ಉತ್ತು ಬಿಟ್ಟ ಕಪ್ಪನೆಯ ಮಣ್ಣು, ತುದಿಯವರೆಗೆ ಬಯಲು, ಅದರ ಮೇಲೆ ಇಡೀ ಆಕಾಶ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, “ಅಯ್ಯ, ಇದು ನಮ್ಮೂರ ಹಂಗ ಐತಲ್ಲೋ!” ಎಂದಳು.

ನಾನು ಬೆಚ್ಚಿದ್ದು ಮಾತಿಗಲ್ಲ, ಆ “ಐತಿ”ಗೆ. ಅಮ್ಮನ ತವರು ಸವಣೂರಿನ ಹತ್ತಿರದ ಹಳ್ಳಿ. 1990ರಲ್ಲಿ ಮದುವೆಯಾಗಿ ಮಲೆನಾಡಿಗೆ ಬಂದವಳು. ಆ ಭಾಷೆಯನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ನಾನೂ ಅಕ್ಕನೂ ಅಣಕಿಸಿ ನಗುತ್ತಿದ್ದದ್ದೂ ನೆನಪಿದೆ. ಯಾವಾಗ ಅದು ಅವಳ ಬಾಯಿಂದ ಮಾಯವಾಯಿತೋ ನಾವು ಗಮನಿಸಿರಲಿಲ್ಲ. ಸಮುದ್ರದ ತಳವಾಗಿದ್ದ ಒಂದು ಪರದೇಶದ ಹೊಲ ಅದನ್ನು ಹೊರಗೆ ತಂದಿತ್ತು. ನಾನು ಆರೇಳು ತಿಂಗಳಿಂದ ಇಲ್ಲಿ ನೋಡಲು ಏನೂ ಇಲ್ಲ ಎಂದು ಗೋಳಾಡುತ್ತಿದ್ದ ಬಯಲಿಗಾಗಿ ಅವಳು ಇಪ್ಪತ್ತೊಂಬತ್ತು ವರ್ಷ ಹಂಬಲಿಸಿದ್ದಳು. ಆ ದಿನ ಅವಳು ಹೇಳಿದಳು: ಮದುವೆಯಾಗಿ ಬಂದ ಮೊದಲ ಮಳೆಗಾಲ, ಗುಡ್ಡಗಳು ಮೈಮೇಲೆ ಬಿದ್ದ ಹಾಗೆ ಆಗಿ ಉಸಿರು ಕಟ್ಟುತ್ತಿತ್ತಂತೆ. ಬಟ್ಟೆ ಒಣಗದು, ಬಿಸಿಲಿಲ್ಲ, ದೂರ ಎಂಬುದೇ ಇಲ್ಲ. ಬಚ್ಚಲೊಲೆಯ ಮುಂದೆ ಕೂತು ಅಳುತ್ತಿದ್ದಳಂತೆ. ಹೊಗೆಗೆ ಕಣ್ಣು ಕೆಂಪಾಗಿದೆ ಎಂದು ಹೇಳಬಹುದಲ್ಲ.

ಊಟದ ಕತೆ ಇನ್ನೂ ಬೇರೆ. ಜೋಳದ ರೊಟ್ಟಿ ತಿಂದು ಬೆಳೆದವಳಿಗೆ ಮೂರು ಹೊತ್ತೂ ಅಕ್ಕಿ. ತಂಬುಳಿ ಎಂಬ ತಣ್ಣನೆಯ ಸೊಪ್ಪಿನ ಮಜ್ಜಿಗೆ ಅವಳಿಗೆ ಪಥ್ಯದ ಹಾಗೆ ಕಂಡಿತಂತೆ. ತೆಂಗಿನೆಣ್ಣೆ ಒಗ್ಗರಣೆ ಎಂದರೆ ತಲೆಗೆ ಹಚ್ಚುವ ಎಣ್ಣೆಯನ್ನು ಬಾಣಲೆಗೆ ಸುರಿದಂತೆ. ತವರಿನಿಂದ ಅವಳು ಒಂದು ಡಬ್ಬಿ ಕುಸುಬಿ ಎಣ್ಣೆ ತಂದಿದ್ದಳು. ಅವಳ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಹೊಲದ ಅಂಚಿಗೆ ಕುಸುಬಿ ಹಾಕುತ್ತಾರೆ. ಮುಳ್ಳಿನ ಗಿಡವಾದ್ದರಿಂದ ದನ ನುಗ್ಗುವುದಿಲ್ಲ. ಆ ಎಣ್ಣೆಯಲ್ಲಿ ಒಂದು ದಿನ ಬದನೆಕಾಯಿ ಎಣ್ಣೆಗಾಯಿ ಮಾಡಿದಾಗ ಅಜ್ಜಿ ಮೂಗಿಗೆ ಸೆರಗು ಹಿಡಿದು, “ಎಂಥದೇ ಇದು ಘಾಟು, ಮನೆಯೆಲ್ಲ ಹಿಡ್ಕೊಂತು” ಎಂದಳಂತೆ. ಬೈಗುಳವಲ್ಲ. ಅಷ್ಟೇ ಮಾತು. ಡಬ್ಬಿ ಕೊಟ್ಟಿಗೆಯ ಅಟ್ಟಕ್ಕೆ ಹೋಯಿತು. ಅಮ್ಮ ಏನಾದರೂ ಗೊಣಗಿದರೆ ಅಜ್ಜಿಯ ಹತ್ತಿರ ಒಂದು ಸಿದ್ಧ ಉತ್ತರವಿತ್ತು. ನಮ್ಮ ಊರೇ ನೀರಿನಡಿ ಹೋಯಿತು, ನಾವು ಹೊಂದಿಕೊಳ್ಳಲಿಲ್ಲವಾ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನೂ ಸೇರಿಸುತ್ತಿದ್ದಳು. ನೀರೇ ಊರಿಗೆ ಬಂದದ್ದನ್ನು ಕಂಡವಳ ಬಾಯಲ್ಲಿ ಆ ಗಾದೆಗೆ ಬೇರೆ ತೂಕ.

ಅಜ್ಜಿಯನ್ನು ಕೆಟ್ಟವಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ಪ್ರೀತಿಯಿಂದಲ್ಲ, ನಾನೂ ಅದನ್ನೇ ಮಾಡಿದವನು ಎಂಬ ಕಾರಣಕ್ಕೆ. ಅವಳನ್ನು ಯಾರೂ ಕೇಳದೆ ಎತ್ತಿ ತಂದು ಇನ್ನೊಂದು ಕಡೆ ಇಟ್ಟರು, ನಾಡಿಗೆಲ್ಲ ಬೆಳಕು ಬರುತ್ತದೆ, ಒಗ್ಗಿಕೊಳ್ಳಿ ಎಂದರು. ಅವಳು ಒಗ್ಗಿಕೊಂಡಳು. ಆ ಸಂಕಟಕ್ಕೆ ಯಾವತ್ತೂ ಯಾರೂ ಬೆಲೆ ಕೊಡಲಿಲ್ಲ. ಬೆಲೆ ಸಿಗದ ಸಂಕಟವನ್ನು ಮನುಷ್ಯ ಸುಮ್ಮನೆ ಎಸೆಯುವುದಿಲ್ಲ, ಮುಂದಿನವರಿಂದ ವಸೂಲಿ ಮಾಡುತ್ತಾನೆ. ಅಜ್ಜಿ ಅಮ್ಮನಿಂದ, ನಾನು ಆ ಘಾನಾದ ಹುಡುಗನಿಂದ. ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ನಾನು ಅರ್ಜಿ ಹಾಕಿ, ವಿದ್ಯಾರ್ಥಿವೇತನ ಪಡೆದು, ವಾಪಸು ಬರುವ ದಾರಿ ಇಟ್ಟುಕೊಂಡು ಹೋದವನು. ನನ್ನ ಹೊಂದಾಣಿಕೆ ಒಂದು ಅನುಭವ, ಬೇಕಾದರೆ ಹೀಗೆ ಕೂತು ಪ್ರಬಂಧ ಬರೆಯಬಹುದು. ಅವರಿಬ್ಬರಿಗೆ ಹಿಂದಿರುಗುವ ದಾರಿ ಇರಲಿಲ್ಲ. ಒಬ್ಬಳದು ನೀರಿನಲ್ಲಿ ಮುಳುಗಿತ್ತು. ಇನ್ನೊಬ್ಬಳದು ಬಸ್ಸಿಗೆ ಅರ್ಧ ದಿನದ ದೂರದಲ್ಲಿತ್ತು, ಆದರೆ ತವರಿಗೆ ಹೋಗಿ ಉಳಿದವಳನ್ನು ನಮ್ಮ ಊರುಗಳು ಏನೆನ್ನುತ್ತವೆ ಎಂಬುದು ನಿಮಗೂ ಗೊತ್ತು.

ನಾರ್ವೆಯ ಚಿಂತಕ ಯಾನ್ ಎಲ್ಸ್ಟರ್ 1983ರಲ್ಲಿ ‘ಸೋರ್ ಗ್ರೇಪ್ಸ್’ ಎಂಬ ಪುಸ್ತಕ ಬರೆದ. ನಮಗೆಲ್ಲ ಗೊತ್ತಿರುವ ನರಿ ಮತ್ತು ಹುಳಿ ದ್ರಾಕ್ಷಿಯ ಕತೆಯೇ ಅದರ ಹೆಸರಿಗೆ ಮೂಲ. ಕೈಗೆಟುಕದ್ದನ್ನು ಬೇಡವೆನ್ನಲು ಮನಸ್ಸು ಕಲಿತುಬಿಡುತ್ತದೆ; ಹಾಗೆ ಕಲಿತ ಮನಸ್ಸಿನ ಬೇಕು ಬೇಡಗಳನ್ನು ನಂಬಿ ಯಾವುದು ನ್ಯಾಯ ಎಂದು ತೀರ್ಮಾನಿಸಬಹುದೇ ಎಂಬುದು ಅವನ ಪ್ರಶ್ನೆ. ಅಮರ್ತ್ಯ ಸೇನ್ ಇದೇ ಎಳೆಯನ್ನು ಬಡವರ ಮತ್ತು ಹೆಂಗಸರ ಬದುಕಿನ ಕಡೆಗೆ ತಂದರು. ಬಹಳ ಕಾಲ ಇಲ್ಲದಿಕೆಯಲ್ಲಿ ಬದುಕಿದವರು ಆಸೆಯನ್ನೇ ಚಿಕ್ಕದು ಮಾಡಿಕೊಳ್ಳುತ್ತಾರೆ. ಅವರು ಸಂತೋಷವಾಗಿದ್ದೇವೆ ಅಂದರೆಂದು ಅನ್ಯಾಯವಾಗಿಲ್ಲ ಅನ್ನಲಾಗದು ಎಂದರು.

ಇದನ್ನು ಓದಿದಾಗ ಬೀಗದ ಕೈ ಸಿಕ್ಕಿತು ಅನಿಸಿತ್ತು. ಆದರೆ ಅಮ್ಮನ ಮುಂದೆ ಇಟ್ಟರೆ ಬೀಗ ಪೂರ್ತಿ ತೆರೆಯುವುದಿಲ್ಲ. ಏಕೆಂದರೆ ಇವತ್ತು ನಮ್ಮ ಊರಿನಲ್ಲಿ ಅವಳಷ್ಟು ಚೆನ್ನಾಗಿ ಒಂದೆಲಗದ ತಂಬುಳಿ ಮಾಡುವವರಿಲ್ಲ. ಅಪ್ಪೆಮಿಡಿಯನ್ನು ಸೊನೆಯ ವಾಸನೆಯಿಂದಲೇ ಯಾವ ಮರದ್ದೆಂದು ಹೇಳುತ್ತಾಳೆ. ಜೂನ್ ಬಂದು ಮಳೆ ತಡವಾದರೆ ಚಡಪಡಿಸುತ್ತಾಳೆ. ನಿನ್ನ ಈ ಪ್ರೀತಿಯೆಲ್ಲ ನರಿಯ ದ್ರಾಕ್ಷಿ, ನಿಜವಾದದ್ದಲ್ಲ ಎಂದು ಅವಳಿಗೆ ಹೇಳುವುದಕ್ಕಿಂತ ದೊಡ್ಡ ಅವಮಾನ ಇದೆಯೇ? ಕಾರ್ನೆಮೆಲ್ಕ್ ಮೇಲಿನ ನನ್ನ ಪ್ರೀತಿ ನಿಜವಾದರೆ ತಂಬುಳಿಯ ಮೇಲಿನ ಅವಳ ಪ್ರೀತಿ ಸುಳ್ಳು ಹೇಗಾಗುತ್ತದೆ? ರುಚಿ ಎಲ್ಲಿಂದ ಬಂತು ಎಂದು ಕೆದಕಿದರೆ ಯಾರ ರುಚಿಯೂ ಸ್ವಂತದ್ದಾಗಿ ಉಳಿಯುವುದಿಲ್ಲ. ಇಂಗಿನ ಮೇಲಿನ ಪ್ರೀತಿಯನ್ನಾದರೂ ನಾನು ಯೋಚಿಸಿ ಆರಿಸಿಕೊಂಡೆನೇ?

ಬಹಳ ದಿನ ಇದರಲ್ಲೇ ಸುತ್ತಿದ ಮೇಲೆ ನಾನು ಬಂದು ನಿಂತ ಜಾಗ ಇದು. ಒಗ್ಗಿದವಳ ಸಂತೋಷ ಪೂರ್ತಿ ನಿಜ, ಅದು ಅವಳ ಸ್ವಂತ ದುಡಿಮೆ. ಆದರೆ ಅದನ್ನು ಒಗ್ಗಿಸಿದವರು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಹಾಗಿಲ್ಲ. ಆನಂದಪುರದ ಆಚೆ ಅಜ್ಜಿ ಬೆಳೆಸಿದ ತೋಟ ಚೆನ್ನಾಗಿದೆ ಎಂಬುದು ಮುಳುಗಡೆಗೆ ಸಮರ್ಥನೆಯಲ್ಲ. ಅಮ್ಮನ ತಂಬುಳಿ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಕ್ಕೆ ಸಮರ್ಥನೆಯಲ್ಲ. ಹೊಂದಿಕೊಂಡು ಹೋಗು ಎಂಬ ಮಾತನ್ನು ನಾವು ಮದುವೆ ಮನೆಯಲ್ಲಿ, ಕಚೇರಿಯಲ್ಲಿ, ಹಾಸ್ಟೆಲಿನಲ್ಲಿ ಎಷ್ಟು ಸಲೀಸಾಗಿ ಆಡುತ್ತೇವೆ! ಆಡುವವರು ಯಾವಾಗಲೂ ಆ ಜಾಗಕ್ಕೆ ಮೊದಲೇ ಬಂದವರು, ಮತ್ತು ತಮ್ಮ ಕೋಟಿನ ವಾಸನೆ ತಮಗೆ ಬಾರದವರು. ಆ ಡಚ್ ಹುಡುಗಿಯ ಕೋಟಿಗೂ ಒಂದು ವಾಸನೆ ಇತ್ತು, ಒದ್ದೆ ಉಣ್ಣೆ ಮತ್ತು ಹುರಿದ ಬೆಣ್ಣೆಯದ್ದು. ನಾನು ಹೇಳಿರಲಿಲ್ಲ. ನನಗೆ ಹೇಳುವ ಜಾಗವಿರಲಿಲ್ಲ.

ಹಾಗಾದರೆ ಆರು ಜನರ ಅಡುಗೆಮನೆಯಲ್ಲಿ ಏನು ಮಾಡಬೇಕಿತ್ತು? ಯಾರೂ ಯಾರಿಗೂ ಏನೂ ಹೇಳಬಾರದು ಎಂಬುದು ಉತ್ತರವಲ್ಲ. ವಾಸನೆ ನಿಜವಾಗಿಯೂ ತಡೆಯಲಾಗದ್ದಿರಬಹುದು. ಕೋಟುಗಳನ್ನು ಬೇರೆ ಕಡೆ ನೇತುಹಾಕಬಹುದಿತ್ತು. ಈಗ ಯೋಚಿಸಿದರೆ ನಗು ಬರುತ್ತದೆ. ಗೂಟವನ್ನು ಎರಡು ಮಾರು ಆಚೆ ಹೊಡೆಯುವ ಯೋಚನೆ ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ, ನಾನು ಇನ್ನೊಬ್ಬನಿಗೆ ಹೇಳುವಾಗಲೂ ಬರಲಿಲ್ಲ. ಬದಲಾಗಬೇಕಾದದ್ದು ಮನುಷ್ಯನ ಊಟವೇ, ಗೂಟವಲ್ಲ ಎಂದು ನಾವು ಮೂವರೂ ಒಪ್ಪಿಕೊಂಡಿದ್ದೆವು.

ಓದು ಮುಗಿಸಿ ಊರಿಗೆ ಬಂದ ಮೇಲೆ ಒಂದು ಸಲ ಮಾವನ ಮನೆಗೆ, ಅಮ್ಮನ ತವರಿಗೆ ಹೋಗಿದ್ದೆ. ವಾಪಸು ಬರುವಾಗ ಗಾಣದಲ್ಲಿ ತೆಗೆಸಿದ ಒಂದು ಬಾಟಲಿ ಕುಸುಬಿ ಎಣ್ಣೆ ತಂದೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮನಿಗೆ ಕೊಟ್ಟು ಅವಳ ಮುಖವನ್ನೇ ನೋಡುತ್ತಾ ನಿಂತೆ. ಏನನ್ನೋ ವಾಪಸು ಕೊಡುತ್ತಿದ್ದೇನೆ ಎಂಬ ಭಾವದಲ್ಲಿ ಇದ್ದೆನೆಂದು ಕಾಣುತ್ತದೆ. ಅವಳು ಮುಚ್ಚಳ ತೆಗೆದು ಮೂಸಿದಳು. ಮೂಗು ಸ್ವಲ್ಪ ಹಿಂದಕ್ಕೆ ಸರಿಯಿತು.

“ಘಾಟು ಅಲ್ವೇನೋ?” ಎಂದಳು.

ಬಾಟಲಿಯನ್ನು ಅಪ್ಪೆಮಿಡಿಯ ಭರಣಿಯ ಪಕ್ಕ ಇಟ್ಟು ಅನ್ನಕ್ಕೆ ಅಕ್ಕಿ ತೊಳೆಯಲು ಹೋದಳು. ಎರಡು ದಿನ ಬಿಟ್ಟು ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೋಡಿದೆ, ಒಂದೆರಡು ಚಮಚದಷ್ಟು ಎಣ್ಣೆ ಕಡಿಮೆಯಾಗಿತ್ತು. ಯಾವ ಅಡುಗೆಗೆ ಹಾಕಿದಳೋ, ನಾವೆಲ್ಲ ಹೊರಗೆ ಹೋದಾಗ ಒಬ್ಬಳೇ ಏನಾದರೂ ಮಾಡಿಕೊಂಡಳೋ, ಕೇಳಲಿಲ್ಲ.